ಆಟೋಬಾನ್ ಮೇಲೆ ಲೇನ್ ಶಿಸ್ತು: ಜರ್ಮನಿಗೆ ಹೊಸದಾಗಿ ಬಂದ ಕನ್ನಡ ಕುಟುಂಬಗಳಿಗೆ

ಮನೆ, ಸ್ಕೂಲು, ಇನ್ಶೂರೆನ್ಸ್ ಎಲ್ಲ ಒಂದು ಹಂತಕ್ಕೆ ಬಂದ ಮೇಲೆ ಕಾರಿನ ವಿಷಯ ಬರುತ್ತದೆ. ಊರಲ್ಲಿ ವರ್ಷಗಟ್ಟಲೆ ಕಾರು ಓಡಿಸಿದವರಿಗೂ ಆಟೋಬಾನ್ (ಇಲ್ಲಿನ ಎಕ್ಸ್‌ಪ್ರೆಸ್‌ವೇ) ಅಂದರೆ ಸ್ವಲ್ಪ ಅಳುಕು ಇರುತ್ತದೆ. ಎಲ್ಲರೂ ಮೊದಲು ಕೇಳೋದು ಸ್ಪೀಡಿನ ಬಗ್ಗೆ. ಸ್ಪೀಡು ಬೇಗ ಅಭ್ಯಾಸವಾಗುತ್ತದೆ, ತಡವಾಗೋದು ಲೇನ್. ಅದಕ್ಕೇ ಈ ಸಲದ ಮಾರ್ಗದರ್ಶಿ ಪೂರ್ತಿ ಅದರ ಮೇಲೆ.

ನಮ್ಮ ಕಡೆ ಡ್ರೈವ್ ಮಾಡುವವರ ಕಣ್ಣು ಯಾವಾಗಲೂ ಮುಂದೆ. ಯಾರು ನುಗ್ಗುತ್ತಾರೋ, ಎಲ್ಲಿ ಹಂಪ್ ಇದೆಯೋ, ಯಾವ ದನ ಅಡ್ಡ ಬರುತ್ತದೋ ಅಂತ. ಹಿಂದಿರುವವರು ಹಾರ್ನ್ ಹೊಡೆದು ತಾವು ಬಂದಿದ್ದನ್ನು ಹೇಳುತ್ತಾರೆ. ಇಲ್ಲಿ ಹಾರ್ನ್ ಕೇಳಿಸೋದೇ ಅಪರೂಪ. ಹಿಂದೆ ಯಾರಿದ್ದಾರೆ, ಎಷ್ಟು ಜೋರಾಗಿ ಬರುತ್ತಿದ್ದಾರೆ ಅಂತ ನೀವೇ ನೋಡಿಕೊಳ್ಳಬೇಕು. ಅರ್ಧ ಡ್ರೈವಿಂಗ್ ಕನ್ನಡಿಯಲ್ಲೇ ನಡೆಯುತ್ತದೆ. ಈ ಒಂದು ಅಭ್ಯಾಸ ಕೂತರೆ ಕೆಳಗಿನ ನಿಯಮಗಳೆಲ್ಲ ಸುಲಭ.

ಬಲಗಡೆಯೇ ನಿಮ್ಮ ಜಾಗ

ಇಲ್ಲಿ ಗಾಡಿ ಓಡೋದು ರಸ್ತೆಯ ಬಲಗಡೆ, ಸ್ಟೇರಿಂಗ್ ಇರೋದು ಎಡಗಡೆ. ಹಾಗಾಗಿ ನಿಧಾನದ ಲೇನ್ ಬಲತುದಿಯದು, ಓವರ್‌ಟೇಕ್ ಎಡದಿಂದ. ರಸ್ತೆ ಖಾಲಿ ಇದ್ದಾಗ ಇದು ಚೆನ್ನಾಗಿ ನೆನಪಿರುತ್ತದೆ. ಗಾಬರಿಯಾದಾಗ ಕೈ ಹಳೇ ದಾರಿ ಹಿಡಿಯುತ್ತದೆ. ನೀವು ನಡುವಿನ ಲೇನಿನಲ್ಲಿದ್ದೀರಿ, ಹಿಂದಿನಿಂದ ಒಂದು ಕಾರು ಜೋರಾಗಿ ಬಂತು ಅಂತಿಟ್ಟುಕೊಳ್ಳಿ. ದಾರಿ ಬಿಡೋಣ ಅಂತ ಕೈ ತಾನಾಗಿ ಎಡಕ್ಕೆ ಎಳೆಯುತ್ತದೆ. ಅವರೂ ಅದೇ ಹೊತ್ತಿಗೆ ಎಡಕ್ಕೆ ಬರುತ್ತಿರುತ್ತಾರೆ. ಮೊದಲ ಕೆಲವು ವಾರ ಇದರ ಬಗ್ಗೆ ಎಚ್ಚರ ಇರಲಿ. ಇಂಡಿಕೇಟರ್ ಕಡ್ಡಿಯೂ ಇಲ್ಲಿ ಎಡಗೈ ಕಡೆ. ಬಿಸಿಲಲ್ಲಿ ವೈಪರ್ ಓಡಿಸಿಕೊಂಡು ಲೇನ್ ಬದಲಿಸುವ ಕಾರು ಕಂಡರೆ, ಒಳಗೆ ನಮ್ಮವರೇ ಇರಬಹುದು!

ನಿಯಮ ಇಷ್ಟೇ: ಸಾಧ್ಯವಾದಷ್ಟೂ ಬಲಗಡೆ ಓಡಿಸಿ. ಎಡದ ಲೇನ್‌ಗಳು ಓವರ್‌ಟೇಕ್ ಮಾಡೋಕೆ. ಮುಗಿದ ಮೇಲೆ ವಾಪಸ್ ಬನ್ನಿ. ನೀವು 130ರಲ್ಲಿ ಹೋಗುತ್ತಿದ್ದರೂ ಅಷ್ಟೇ, 180ರಲ್ಲಿ ಹೋಗುತ್ತಿದ್ದರೂ ಅಷ್ಟೇ. 'ನಾನು ಫಾಸ್ಟ್ ಆಗೇ ಹೋಗ್ತಿದ್ದೀನಲ್ಲ, ಎಡಗಡೆ ಇದ್ದರೇನು?' ಅನ್ನೋ ವಾದ ಇಲ್ಲಿ ನಡೆಯೋಲ್ಲ.

ಒಂದು ರಿಯಾಯಿತಿ ಇದೆ. ಒಂದು ದಿಕ್ಕಿಗೆ ಮೂರು ಲೇನ್ ಇದ್ದು, ಬಲಗಡೆ ಆಗಾಗ ಲಾರಿಗಳು ಸಿಗುತ್ತಿದ್ದರೆ, ನಡುವಿನ ಲೇನಿನಲ್ಲೇ ಮುಂದುವರಿಯಬಹುದು. ಪ್ರತಿ ಲಾರಿಗೂ ಒಳಗೆ ಹೊರಗೆ ಹಾವಿನ ಹಾಗೆ ಹೊರಳಬೇಕಾಗಿಲ್ಲ. ಬಲಗಡೆ ಸುಮಾರು 20 ಸೆಕೆಂಡು ಆರಾಮಾಗಿ ಓಡಿಸುವಷ್ಟು ಜಾಗ ಕಂಡರೆ ಬಲಕ್ಕೆ ಹೋಗಿ ಅನ್ನೋದು ರೂಢಿಯ ಲೆಕ್ಕ. ಆದರೆ ಬಲಗಡೆ ಪೂರ್ತಿ ಖಾಲಿ ಇದ್ದು, ಕ್ರೂಸ್ ಕಂಟ್ರೋಲ್ 120ಕ್ಕೆ ಹಾಕಿ, ಹಾಡು ಕೇಳಿಕೊಂಡು ನಡುವೆ ಕೂತಿರೋದು ತಪ್ಪು. ಇಲ್ಲಿನವರಲ್ಲೂ ಬೇಕಾದಷ್ಟು ಜನ ಹಾಗೆ ಮಾಡುತ್ತಾರೆ, ಅದು ಬೇರೆ ಮಾತು. ಅದರಿಂದ ಇನ್ನೊಬ್ಬರಿಗೆ ಅಡ್ಡಿಯಾದರೆ 80 ಯೂರೋ ದಂಡ, ಜೊತೆಗೆ ನಿಮ್ಮ ಹೆಸರಿನ ದಾಖಲೆಯಲ್ಲಿ ಒಂದು ತಪ್ಪಿನ ಪಾಯಿಂಟ್. ಪಾಯಿಂಟ್ 8 ಆದರೆ ಲೈಸೆನ್ಸ್ ಹೋಗುತ್ತದೆ.

ಓವರ್‌ಟೇಕ್: ಲೆಕ್ಕ ಹಾಕಿ ಹೊರಬನ್ನಿ

ಹೊಸಬರು ಹೆಚ್ಚಾಗಿ ತಡವರಿಸೋದು ಇಲ್ಲೇ. ಮುಂದೆ 80ರಲ್ಲಿ ಒಂದು ಲಾರಿ. ಹತ್ತಿರ ಹೋಗುತ್ತಾ ಹೋಗುತ್ತಾ ನಿಮ್ಮ ಕಾರೂ 100ಕ್ಕೆ ಇಳಿದಿದೆ. ಕನ್ನಡಿಯಲ್ಲಿ ಒಂದು ಕಾರು ದೂರದಲ್ಲಿ, ಚಿಕ್ಕದಾಗಿ ಕಾಣುತ್ತಿದೆ. 'ಇನ್ನೂ ಎಲ್ಲೋ ಇದ್ದಾರೆ' ಅಂತ ಎಡಕ್ಕೆ ಬರುತ್ತೀರಿ. ಆ ಕಾರು ನಿಮ್ಮಿಂದ 300 ಮೀಟರ್ ಹಿಂದೆ 200ರಲ್ಲಿ ಬರುತ್ತಿದ್ದರೆ, ನಿಮ್ಮನ್ನು ಮುಟ್ಟೋಕೆ ಸುಮಾರು 11 ಸೆಕೆಂಡು ಸಾಕು. 100ರಲ್ಲೇ ಆ ಲಾರಿಯನ್ನು ದಾಟಿ ವಾಪಸ್ ಬಲಕ್ಕೆ ಬರೋಕೆ ನಿಮಗೆ ಬೇಕಾದ್ದು ಸುಮಾರು 20 ಸೆಕೆಂಡು. 130ರಲ್ಲಿ ದಾಟಿದರೆ 8 ಸೆಕೆಂಡು. ಲಾರಿಯ ಬಾಲಕ್ಕೆ ಅಂಟಿಕೊಂಡು, ಸ್ಪೀಡ್ ಕಳೆದುಕೊಂಡು, ಆಮೇಲೆ ಹೊರಬರೋದು ಯಾಕೆ ಅಪಾಯ ಅಂತ ಈಗ ಗೊತ್ತಾಯಿತಲ್ಲ. ದೂರ ಇದ್ದಾಗಲೇ ನಿರ್ಧಾರ ಮಾಡಿ, ಸ್ಪೀಡ್ ಉಳಿಸಿಕೊಂಡೇ ಎಡಕ್ಕೆ ಬನ್ನಿ. ಇಲ್ಲದಿದ್ದರೆ ಹಿಂದಿನ ಕಾರು ಹೋಗೋವರೆಗೆ ಲಾರಿ ಹಿಂದೆಯೇ ಕಾಯಿರಿ.

ಕನ್ನಡಿಯಲ್ಲಿರುವ ಕಾರಿನ ಸ್ಪೀಡ್ ಒಂದೇ ನೋಟಕ್ಕೆ ಗೊತ್ತಾಗೋಲ್ಲ. ಎರಡು ಸಲ ನೋಡಿ. ಮೊದಲ ಸಲಕ್ಕಿಂತ ಎರಡನೇ ಸಲ ಅದರ ಲೈಟು ತುಂಬಾ ದೊಡ್ಡದಾಗಿ ಕಂಡರೆ ಬಿಟ್ಟುಬಿಡಿ, ಹೋಗಲಿ. ದಾರಿ ಖಾಲಿ ಅನಿಸಿದರೆ ಒಳಗನ್ನಡಿ, ಎಡಗನ್ನಡಿ, ಇಂಡಿಕೇಟರ್, ಆಮೇಲೆ ತಲೆ ತಿರುಗಿಸಿ ಎಡ ಭುಜದ ಮೇಲಿಂದ ಒಂದು ನೋಟ. ಈ ಕೊನೇ ನೋಟವನ್ನು ನಾವು ಊರಲ್ಲಿ ಮಾಡೋದೇ ಇಲ್ಲ. ಇಲ್ಲಿ ಅದನ್ನು ಮಾಡದಿದ್ದರೆ ಲೈಸೆನ್ಸ್ ಪರೀಕ್ಷೆಯಲ್ಲೇ ಫೇಲ್ ಆಗಬಹುದು. ಇಂಡಿಕೇಟರ್ ಹಾಕಿದ್ದೇನೆ, ಇನ್ನು ಅವರೇ ಬ್ರೇಕ್ ಹಾಕಲಿ ಅನ್ನೋ ಹಕ್ಕು ಯಾರಿಗೂ ಇಲ್ಲ. ಎಡಕ್ಕೆ ಬರುವವರದೇ ಪೂರ್ತಿ ಜವಾಬ್ದಾರಿ.

ದಾಟುವಾಗ ಲಾರಿಯ ಪಕ್ಕದಲ್ಲಿ ತೂಗಾಡುತ್ತಾ ನಿಲ್ಲಬೇಡಿ. ದಾಟಿದ ಮೇಲೆ ಒಳಗನ್ನಡಿಯಲ್ಲಿ ಲಾರಿಯ ಎರಡೂ ಹೆಡ್‌ಲೈಟ್ ಕಾಣಿಸಿದಾಗ ಬಲ ಇಂಡಿಕೇಟರ್ ಹಾಕಿ, ಬಲ ಭುಜದ ಮೇಲೊಂದು ನೋಟ ಹಾಯಿಸಿ ಒಳಗೆ ಬನ್ನಿ. ನಿಮ್ಮನ್ನೇ ಯಾರಾದರೂ ದಾಟುತ್ತಿದ್ದರೆ ಆಕ್ಸಿಲರೇಟರ್ ಒತ್ತಬೇಡಿ. ಅದು ಬರೀ ಮರ್ಯಾದೆ ಅಲ್ಲ, ಕಾನೂನು.

ಇನ್ನು ಹಿಂದಿನಿಂದ ಲೈಟ್ ಮಿಣುಕಿಸೋದು. ನೀವು ಎಡ ಲೇನಿನಲ್ಲಿದ್ದಾಗ ಹಿಂದಿನವರು ದೂರದಿಂದ ಒಂದು ಸಲ ಲೈಟ್ ಮಿಣುಕಿಸಿದರೆ ಬೈಗುಳ ಅಂದುಕೊಳ್ಳಬೇಡಿ. ಊರಿನ ಹೊರಗೆ ಓವರ್‌ಟೇಕ್ ಮಾಡುತ್ತೇನೆ ಅಂತ ಹಾಗೆ ತಿಳಿಸೋಕೆ ಅವಕಾಶ ಇದೆ. ನಮ್ಮ ಕಡೆಯ ಹಾರ್ನ್ ಮಾಡೋ ಕೆಲಸವನ್ನೇ ಇದು ಮಾಡುತ್ತದೆ. ನೀವು ಶುರು ಮಾಡಿದ ಓವರ್‌ಟೇಕ್ ಮುಗಿಸಿ ಬಲಕ್ಕೆ ಬನ್ನಿ, ಅಷ್ಟೇ. ಜಾಗ ಇಲ್ಲದ ಕಡೆ ಲಾರಿಗಳ ನಡುವೆ ತೂರಿಕೊಳ್ಳಬೇಕಾಗಿಲ್ಲ. ಆದರೆ ಬಂಪರಿಗೆ ಅಂಟಿಕೊಂಡು ಪದೇ ಪದೇ ಲೈಟ್ ಹೊಡೆಯೋದು ಅಪರಾಧ, ಕ್ರಿಮಿನಲ್ ಕೇಸ್ ಆಗಬಹುದು. ನೀವೂ ಹಾಗೆ ಮಾಡಬೇಡಿ. ಸಿಟ್ಟಲ್ಲಿ ಬೆರಳು ತೋರಿಸೋದೂ ಕೇಸಿಗೆ ದಾರಿ.

ಮುಂದಿನ ಕಾರಿಗೆ ಎಷ್ಟು ಅಂತರ? ಸ್ಪೀಡೋಮೀಟರ್ ತೋರಿಸುವುದರ ಅರ್ಧದಷ್ಟು ಮೀಟರ್. 100ರಲ್ಲಿ 50 ಮೀಟರ್, 130ರಲ್ಲಿ 65. ರಸ್ತೆ ಬದಿಯ ಕಪ್ಪು ಬಿಳುಪಿನ ಗೂಟಗಳು ಸಾಮಾನ್ಯವಾಗಿ 50 ಮೀಟರಿಗೊಂದು ಇರುತ್ತವೆ, ಅವನ್ನೇ ಅಳತೆಗೆ ಇಟ್ಟುಕೊಳ್ಳಿ. ಇಷ್ಟು ಜಾಗ ಬಿಟ್ಟರೆ ಯಾರಾದರೂ ನುಗ್ಗುತ್ತಾರಲ್ಲ ಅನಿಸುತ್ತದೆ. ನುಗ್ಗಲಿ ಬಿಡಿ, ಮತ್ತೆ ಸ್ವಲ್ಪ ಹಿಂದೆ ಸರಿಯಿರಿ.

ಬಲದಿಂದ ದಾಟೋದು

ನಮ್ಮ ಹೈವೇಗಳಲ್ಲಿ ಲಾರಿ ಓವರ್‌ಟೇಕ್ ಲೇನನ್ನೇ ಹಿಡಿದು ಕೂತಿರುತ್ತದೆ, ನಾವು ಇನ್ನೊಂದು ಕಡೆಯಿಂದ ನುಸುಳಿ ಹೋಗುತ್ತೇವೆ. ಆ ಅಭ್ಯಾಸ ಇಲ್ಲಿಗೆ ತರಬೇಡಿ. ಎಡಗಡೆಯವರು ಎಷ್ಟೇ ನಿಧಾನವಾಗಿರಲಿ, ಆಟೋಬಾನಿನಲ್ಲಿ ಬಲದಿಂದ ಓವರ್‌ಟೇಕ್ ಮಾಡಿದರೆ 100 ಯೂರೋ ಮತ್ತು ಒಂದು ಪಾಯಿಂಟ್. ಎಡದ ಲೇನ್ ಸಾಲಾಗಿ ನಿಂತಿದ್ದರೆ ಅಥವಾ 60ಕ್ಕಿಂತ ಹೆಚ್ಚಿಲ್ಲದೆ ತೆವಳುತ್ತಿದ್ದರೆ ಮಾತ್ರ, ಬಲಗಡೆಯವರು ಹುಷಾರಾಗಿ, ಅವರಿಗಿಂತ ಹೆಚ್ಚೆಂದರೆ 20 ಕಿ.ಮೀ. ಜಾಸ್ತಿ ಸ್ಪೀಡಿನಲ್ಲಿ ಮುಂದೆ ಹೋಗಬಹುದು. ಊರೊಳಗೆ ಕಥೆ ಬೇರೆ. ಗೆರೆ ಎಳೆದ ಬಹು ಲೇನ್ ರಸ್ತೆಗಳಲ್ಲಿ ಕಾರಿನವರು ಯಾವ ಲೇನ್ ಬೇಕಾದರೂ ಹಿಡಿಯಬಹುದು, ಬಲದ ಲೇನ್ ಎಡಕ್ಕಿಂತ ಬೇಗ ಹೋದರೂ ತಪ್ಪಿಲ್ಲ. ಆದರೆ ಊರೊಳಗೇ ಹಾದುಹೋಗುವ ಆಟೋಬಾನಿಗೆ ಆಟೋಬಾನಿನದೇ ನಿಯಮ.

ಒಳಗೆ ಬರೋದು, ಹೊರಗೆ ಹೋಗೋದು

ಆಟೋಬಾನಿಗೆ ಸೇರುವ ಪಕ್ಕದ ಲೇನ್ ಇರೋದು ಸ್ಪೀಡ್ ಏರಿಸೋಕೆ. 60ರಲ್ಲಿ ತೆವಳಿಕೊಂಡು ಬಂದು, ಕೊನೆಯಲ್ಲಿ ನಿಂತು, ಯಾರಾದರೂ ದಾರಿ ಬಿಡಲಿ ಅಂತ ಕಾಯೋದು ತುಂಬಾ ಅಪಾಯ. ಇಂಡಿಕೇಟರ್ ಹಾಕಿ, ಧೈರ್ಯವಾಗಿ ಆಕ್ಸಿಲರೇಟರ್ ಒತ್ತಿ, ಬಲ ಲೇನಿನ ಲಾರಿಗಳಷ್ಟಾದರೂ ಸ್ಪೀಡ್ ತಂದುಕೊಂಡು ಸೇರಿಕೊಳ್ಳಿ. ಈ ಸೇರುವ ಲೇನಿನಲ್ಲಿ ಇದ್ದಾಗ ಪಕ್ಕದವರಿಗಿಂತ ಬೇಗ ಹೋಗಬಹುದು. ಆದರೆ ಒಳಗಿರುವವರಿಗೇ ಮೊದಲ ಹಕ್ಕು. ಅವರು ಎಡಕ್ಕೆ ಸರಿದು ಜಾಗ ಬಿಟ್ಟರೆ ಅದು ಅವರ ಒಳ್ಳೆತನ.

ಹೊರಗೆ ಹೋಗುವ ದಾರಿಗೆ ಮೊದಲು 300, 200, 100 ಮೀಟರಿನಲ್ಲಿ ಮೂರು, ಎರಡು, ಒಂದು ಓರೆ ಗೆರೆಯ ನೀಲಿ ಫಲಕ ಬರುತ್ತವೆ. ಮೂರು ಗೆರೆ ಕಂಡಾಗ ನೀವಿನ್ನೂ ಎಡತುದಿಯಲ್ಲಿದ್ದರೆ ಆ ಎಕ್ಸಿಟ್ ಮರೆತುಬಿಡಿ. ಮುಂದಿನದರಲ್ಲಿ ಇಳಿದು ತಿರುಗಿ ಬನ್ನಿ. ಏನೇ ಆದರೂ ರಿವರ್ಸ್ ತೆಗೆಯಬೇಡಿ.

ಕಾಮಗಾರಿ ಜಾಗ, ಲೇನ್ ಮುಗಿಯುವ ಜಾಗ

ಕಾಮಗಾರಿ ಇರುವ ಕಡೆ ಹಳದಿ ಗೆರೆ ಎಳೆದಿರುತ್ತಾರೆ. ಹಳದಿ ಇದ್ದರೆ ಬಿಳಿ ಗೆರೆಗೆ ಬೆಲೆ ಇಲ್ಲ. ಅಲ್ಲಿ ಎಡ ಲೇನ್ ಕಿರಿದಾಗಿ, ಮೇಲೆ 2.1 ಮೀಟರ್ ಅಂತ ಅಗಲದ ಮಿತಿ ಬರೆದಿರಬಹುದು. ಇದು ಸೈಡ್ ಮಿರರ್ ಸೇರಿಸಿದ ಅಳತೆ. ಕಾರಿನ ಕಾಗದಪತ್ರದಲ್ಲಿರೋದು ಮಿರರ್ ಬಿಟ್ಟು! ಇವತ್ತಿನ ಎಷ್ಟೋ ಎಸ್‌ಯುವಿಗಳು ಈ ಮಿತಿ ದಾಟುತ್ತವೆ. ಒಂದು ಸಲ ಟೇಪು ಹಿಡಿದು ನಿಮ್ಮ ಕಾರನ್ನು ಮಿರರ್ ತುದಿಯಿಂದ ತುದಿಗೆ ಅಳೆದುಬಿಡಿ.

ಒಂದು ಲೇನ್ ಮುಗಿಯುವ ಕಡೆ ನಮ್ಮವರು ಮರ್ಯಾದೆಗೆ ಅಂತ ಅರ್ಧ ಕಿಲೋಮೀಟರ್ ಮೊದಲೇ ಪಕ್ಕಕ್ಕೆ ಸೇರಿಕೊಳ್ಳುತ್ತಾರೆ, ಕೊನೆವರೆಗೆ ಬಂದವರನ್ನು ಒಳಗೆ ಬಿಡೋಲ್ಲ. ಎರಡೂ ತಪ್ಪು. ಟ್ರಾಫಿಕ್ ಜಾಸ್ತಿ ಇದ್ದಾಗ ಲೇನಿನ ಕೊನೆವರೆಗೆ ಹೋಗಿ, ಅಲ್ಲಿ ಆ ಕಡೆಯದೊಂದು ಈ ಕಡೆಯದೊಂದು ಅಂತ ಸೇರಬೇಕು.

ಜಾಮ್ ಆದಾಗ: ಆಂಬುಲೆನ್ಸ್ ದಾರಿ

ಇದನ್ನು ಮನೆಯಲ್ಲಿ ಎಲ್ಲರೂ ಓದಿ. ಮುಂದೆ ಗಾಡಿಗಳು ನಿಲ್ಲುತ್ತಿದ್ದರೆ ಹಜಾರ್ಡ್ ಲೈಟ್ ಹಾಕಿ ಹಿಂದಿನವರಿಗೆ ತಿಳಿಸಿ. ಗಾಡಿಗಳು ನಡಿಗೆಯ ವೇಗಕ್ಕೆ ಇಳಿದ ಕೂಡಲೇ, ಸೈರನ್ ಕೇಳಿಸೋಕೆ ಮೊದಲೇ, ನಡುವೆ ದಾರಿ ಮಾಡಬೇಕು. ಇದಕ್ಕೆ ರೆಟ್ಟುಂಗ್ಸ್‌ಗಾಸೆ ಅನ್ನುತ್ತಾರೆ. ಎಡತುದಿಯ ಲೇನಿನವರು ಎಡಕ್ಕೆ, ಉಳಿದ ಎಲ್ಲರೂ ಬಲಕ್ಕೆ. ಲೇನ್ ಎರಡಿರಲಿ, ನಾಲ್ಕಿರಲಿ. ನೆನಪಿಗೆ ನಿಮ್ಮ ಬಲಗೈ ಅಂಗೈ ಕೆಳಗೆ ಮಾಡಿ ಬೆರಳು ಅಗಲಿಸಿ. ಹೆಬ್ಬೆರಳು ಎಡ ಲೇನ್, ಉಳಿದ ಬೆರಳು ಉಳಿದ ಲೇನ್, ನಡುವಿನ ಸಂದಿ ಆಂಬುಲೆನ್ಸಿಗೆ. ಮುಂದಿನ ಕಾರಿಗೆ ತೀರಾ ಹತ್ತಿರ ನಿಂತರೆ ಸರಿಯೋಕೇ ಆಗೋಲ್ಲ, ಜಾಗ ಬಿಟ್ಟು ನಿಲ್ಲಿ.

ಒಂದು ಗಾಡಿ ಹೋಯಿತು ಅಂತ ದಾರಿ ಮುಚ್ಚಬೇಡಿ. ಹಿಂದೆ ಫೈರ್ ಎಂಜಿನ್, ಕಾರು ಎಳೆಯುವ ಗಾಡಿ ಬರುತ್ತವೆ. ದಾರಿ ಮಾಡದಿದ್ದರೆ 200 ಯೂರೋ, 2 ಪಾಯಿಂಟ್, ಒಂದು ತಿಂಗಳು ಡ್ರೈವಿಂಗ್ ಬಂದ್. ಆಂಬುಲೆನ್ಸಿನ ಹಿಂದೆ ಹಿಂದೆ ನುಸುಳೋ ಬುದ್ಧಿವಂತಿಕೆಗೆ 240 ಯೂರೋ, ಉಳಿದದ್ದು ಅಷ್ಟೇ. ಬೈಕಿನವರೂ ಆ ಸಂದಿಯಲ್ಲಿ ಹೋಗುವಂತಿಲ್ಲ.

ಮೊದಲ ಸಲ ಹೋಗುವವರಿಗೆ

ಬೋರ್ಡ್ ಇಲ್ಲದ ಕಡೆ ಸ್ಪೀಡಿಗೆ ಮಿತಿ ಇಲ್ಲ ಅನ್ನೋದು ನಿಜ, ಆದರೆ 130 ಸಲಹೆಯ ವೇಗ. ಅದಕ್ಕಿಂತ ಜಾಸ್ತಿ ಓಡಿಸುವಾಗ ಅಪಘಾತವಾದರೆ, ತಪ್ಪು ಇನ್ನೊಬ್ಬರದೇ ಆದರೂ ನಷ್ಟದಲ್ಲಿ ನಿಮಗೂ ಪಾಲು ಬರಬಹುದು. ಶುರುವಿಗೆ ಬಲ ಲೇನಿನಲ್ಲಿ 100, 110ರಲ್ಲಿ ಹೋಗಿ, ಯಾರೂ ಏನೂ ಅನ್ನೋಲ್ಲ. ಭಾನುವಾರ ಬೆಳಗ್ಗೆ ಒಳ್ಳೆಯ ಹೊತ್ತು. ಭಾನುವಾರ ರಾತ್ರಿ 10ರವರೆಗೆ 7.5 ಟನ್ ಮೀರಿದ ಹೆಚ್ಚಿನ ಲಾರಿಗಳಿಗೆ ನಿಷೇಧ ಇರುತ್ತದೆ, ಬಲ ಲೇನ್ ಬಿಡುವಾಗಿರುತ್ತದೆ. ಶುಕ್ರವಾರ ಸಂಜೆ ಮತ್ತು ಸ್ಕೂಲ್ ರಜೆ ಶುರುವಾಗುವ ದಿನ ಬೇಡವೇ ಬೇಡ.

ಭಾರತದ ಲೈಸೆನ್ಸ್ ನಡೆಯೋದು ಇಲ್ಲಿ ವಾಸ ಶುರುವಾದ ಮೇಲೆ ಆರು ತಿಂಗಳು ಮಾತ್ರ. ಆಮೇಲೆ ಥಿಯರಿ, ಪ್ರಾಕ್ಟಿಕಲ್ ಎರಡೂ ಪರೀಕ್ಷೆ ಬರೆಯಬೇಕು. ಆ ಅವಧಿ ಮುಗಿದ ಮೇಲೆ, ಪಕ್ಕದಲ್ಲಿ ಅನುಭವ ಇರುವ ಅಣ್ಣನೋ ಅಕ್ಕನೋ ಕೂತಿದ್ದರೂ ನೀವು ಓಡಿಸುವಂತಿಲ್ಲ. ಆಗ ಡ್ರೈವಿಂಗ್ ಸ್ಕೂಲಿನ ಕಾರೇ ಗತಿ. ಅಲ್ಲಿ ಸೇರಿದಾಗ ಆಟೋಬಾನಿನ ಪಾಠ ಒಂದೆರಡು ಜಾಸ್ತಿ ಕೇಳಿ ತೆಗೆದುಕೊಳ್ಳಿ, ಅದರಲ್ಲೊಂದು ಕತ್ತಲಾದ ಮೇಲೆ ಇರಲಿ. ರಾತ್ರಿ ಕನ್ನಡಿಯಲ್ಲಿ ಕಾಣೋದು ಬರೀ ಎರಡು ಲೈಟು. ಅದರಿಂದ ದೂರ, ಸ್ಪೀಡ್ ಅಳೆಯೋದನ್ನು ಪಕ್ಕದಲ್ಲಿ ಕಲಿಸುವವರು ಇದ್ದಾಗಲೇ ಕಲಿಯೋದು ಒಳ್ಳೆಯದು.