ಮುಂಬೈ ತುಟಿಗೆ ಬೆಂಗಳೂರಿನ ಮಾತು

ಹಿಂದಿ ಜಾಹೀರಾತಿನಲ್ಲಿ ಹುಡುಗ 'ಮಮ್ಮೀ, ಭೂಖ್ ಲಗೀ ಹೈ' ಅನ್ನುತ್ತಾನೆ. ಜಾಹೀರಾತಿಗೆ ಕನ್ನಡ ಡಬ್ಬಿಂಗ್ ಮಾತು ಬರೆಯುವ ನಾವೆಲ್ಲ ವರ್ಷಗಟ್ಟಲೆ ಅದಕ್ಕೆ 'ಮಮ್ಮೀ, ನನಗೆ ಹಸಿವಾಗಿದೆ' ಅಂತ ಬರೆದುಕೊಟ್ಟವರೇ. ಯಾವ ಮನೆ ಹುಡುಗ ಹಾಗೆ ಮಾತಾಡುತ್ತಾನೆ ಹೇಳಿ? ತಮಾಷೆ ಅಂದರೆ, ಈಗ ಮಾತಾಡುತ್ತಾರೆ. ರಾಜಾಜಿನಗರದಲ್ಲಿರುವ ನನ್ನ ತಂಗಿ ಮಗ ಥೇಟ್ ಹಾಗೇ ಹೇಳುತ್ತಾನೆ. ಕನ್ನಡದಲ್ಲಿ ಸಿನಿಮಾ ಡಬ್ಬಿಂಗಿಗೆ ದಶಕಗಳ ಕಾಲ ಅಡ್ಡಗಾಲಿತ್ತು, 2015ರಲ್ಲಿ ಸ್ಪರ್ಧಾ ಆಯೋಗ ಚಿತ್ರರಂಗದ ಸಂಘಗಳಿಗೆ ದಂಡ ಹಾಕೋವರೆಗೂ. ಜಾಹೀರಾತು ಮಾತ್ರ ಡಬ್ ಆಗಿಯೇ ಹಜಾರಕ್ಕೆ ಬರುತ್ತಿತ್ತು.

ನಾನು ಮಾಡಿದ್ದು ಇಷ್ಟು. ಹಿಂದಿ ಸ್ಕ್ರಿಪ್ಟ್ ಮುಚ್ಚಿಟ್ಟೆ. ಸೌಂಡ್ ತೆಗೆದು ಬರೀ ತುಟಿ ನೋಡಿದೆ. 'ಮ'ಗೆ ತುಟಿ ಮುಚ್ಚುತ್ತದೆ, 'ಭ'ಗೂ ಮುಚ್ಚುತ್ತದೆ, ಕೊನೆಗೆ ಬಾಯಿ ತೆರೆದೇ ಇರುತ್ತದೆ. ಅಲ್ಲಿಗೆ ಕೂತಿದ್ದು: 'ಅಮ್ಮಾ, ಬೇಗ ತಿಂಡಿ ತಾ.' ಮೊದಲ 'ಮ' ಮಾತಿಗೆ ಮುಂಚಿನ ಮೌನದಲ್ಲಿ ಹೋಯಿತು, ಎರಡನೆಯದು 'ಅಮ್ಮಾ'ಗೆ ಸರಿಯಾಯಿತು. ಒಂದು ಅಕ್ಷರ ಜಾಸ್ತಿ. ಅದನ್ನು ಹುಡುಗನ ಅವಸರ ನುಂಗಿಕೊಂಡಿತು.

ಏಜೆನ್ಸಿಯವರು ನಕ್ಕರು. 'ಹಸಿವು ಎಲ್ಲಿ ಸಾರ್? ಮುಂಬೈಯವರು ಒಪ್ಪಲ್ಲ.' ಮೂಲ ಜಾಹೀರಾತಿನ ಆ ಮುಂಬೈಯವರು ಕನ್ನಡವನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ ಪದಕ್ಕೆ ಪದ ತಾಳೆ ನೋಡುವವರು. ಆ ವರ್ಷ ಇಪ್ಪತ್ತೈದು ಮೂವತ್ತು ಸ್ಕ್ರಿಪ್ಟ್ ಕೈತಪ್ಪಿದವು. ಒಂದಕ್ಕೆ 1,500 ಅಂದರೂ ಹತ್ತಿರಹತ್ತಿರ 40 ಸಾವಿರ.

ಕೊನೆಗೆ ಕೈಯಿಂದ 3 ಸಾವಿರ ಹಾಕಿ ಹಳೇ 'ಹಸಿವಾಗಿದೆ', ನನ್ನ 'ತಿಂಡಿ ತಾ', ಎರಡೂ ಥರ ಡಬ್ ಮಾಡಿಸಿದೆ. ವಿಜಯನಗರದ ಅತ್ತಿಗೆ ಮನೆಗೆ ಚೀಟಿ ಕೂಗೋಕೆ ಬಂದಿದ್ದ ಹತ್ತು ಹನ್ನೆರಡು ಹೆಂಗಸರಿಗೆ ಫೋನಿನಲ್ಲಿ ತೋರಿಸಿದೆ. ಮೊದಲನೆಯದಕ್ಕೆ 'ಇದು ಹಿಂದೀದಲ್ವಾ' ಅಂದರು. ಎರಡನೆಯದಕ್ಕೆ 'ಈ ಹುಡುಗ ಯಾವ ಸೀರಿಯಲ್‌ನಲ್ಲಿ ಬರ್ತಾನೆ?' ಅಂತ ಕೇಳಿದರು. ಆ ಮಾತನ್ನೇ ರೆಕಾರ್ಡ್ ಮಾಡಿ ಮುಂಬೈಗೆ ಕಳಿಸಿದೆ. ಈಗ ನಾನು 6 ಸಾವಿರಕ್ಕೆ ಕಮ್ಮಿ ಪೆನ್ನು ಹಿಡಿಯಲ್ಲ. ಕ್ಲೋಸಪ್ಪಿನಲ್ಲಿ 'ಮಾ ಕಾ ಪ್ಯಾರ್' ಬಂದಾಗ ಏನು ಹಾಕುತ್ತೀನಿ ಅಂತ ಮಾತ್ರ ಕೇಳಬೇಡಿ, ನನ್ನ ಅನ್ನ ಅದರಲ್ಲಿದೆ.

ಎಲ್ಲ ಕಡೆ ಗೆದ್ದೆ ಅಂತಲ್ಲ. ಒಂದು ಚಿನ್ನದಂಗಡಿಯ ಧನ್‌ತೇರಸ್ ಜಾಹೀರಾತು ಬಂತು. ನಮ್ಮಲ್ಲಿ ಆ ದಿನ ನೀರು ತುಂಬುವ ಹಬ್ಬ. ಹಂಡೆ ಬೆಳಗಿ, ಮರುದಿನದ ಎಣ್ಣೆಸ್ನಾನಕ್ಕೆ ನೀರು ತುಂಬಿಡುತ್ತಿದ್ದರು. 'ಹಂಡೆ ತುಂಬಿತು, ಕೈಗೆ ಬಳೆ ಬಂತು' ಅಂತ ಬರೆದೆ. ಚಿನ್ನ ಮಾರೋರಿಗೆ ನೀರಿನ ಮಾತ್ಯಾಕೆ ಅಂತ ವಾಪಸ್ ಬಂತು. ಸುಮ್ನೆ ಧನ್‌ತೇರಸ್ ಅಂತಲೇ ಬರೆದು 4 ಸಾವಿರ ಇಸ್ಕೊಂಡೆ. ಈಗ ನನ್ನ ಹೆಂಡತಿಯೇ ಆ ದಿನ ತಪ್ಪದೆ ಒಂದು ಗ್ರಾಂ ನಾಣ್ಯ ತರುತ್ತಾಳೆ. ನೀರು ತುಂಬೋದು ಕಾವೇರಿ ನಲ್ಲಿ ಬಿಟ್ಟ ದಿನ ಅಷ್ಟೇ.

ಆ ಹಂಡೆಯನ್ನು ಎರಡು ವರ್ಷ ಬಿಟ್ಟು ಒಂದು ಗೀಸರ್ ಅಂಗಡಿಯ ಎಫ್ಎಂ ಜಾಹೀರಾತಿಗೆ ಹಾಕಿದೆ: 'ಹಂಡೆ ಅಟ್ಟದ ಮೇಲಿದ್ರೂ ಹಬ್ಬದ ನೀರು ಬಿಸಿ ಇರ್ಲಿ.' ರೇಡಿಯೊದಲ್ಲಿ ತುಟಿ ಕಾಟ ಇಲ್ಲ ನೋಡಿ. ಈ ವರ್ಷವೂ ಅದೇ ಸಾಲು ಬೇಕಂತೆ. ರೇಟೂ ಹಳೇದೇ ಅಂತೆ.