ಆ ಮೆಸೇಜನ್ನು ಅಳಿಸದೆ ಇಟ್ಟುಕೊಂಡೆ

ಹೋದ ವರ್ಷ ಶ್ರಾವಣದಲ್ಲಿ ಡೊಂಬಿವಿಲಿಯ ನಮ್ಮ ಕನ್ನಡ ಹೆಂಗಸರ ವರಮಹಾಲಕ್ಷ್ಮಿ ಪೂಜೆಯ ಲೆಕ್ಕ ನನ್ನ ಕೈಲಿತ್ತು. ರಾತ್ರಿ 11ಕ್ಕೆ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರ ಮೆಸೇಜ್ ಬಂತು. ನನ್ನ ಹೆಸರು ಹಾಕಿ, 'ದೇವರ ದುಡ್ಡಲ್ಲಿ ಫ್ರಿಜ್ ತಂದಿದ್ದಾರೆ' ಅಂತ. ಕಂತಿನಲ್ಲಿ ತಂದ ಫ್ರಿಜ್ ಅದು. ಮನೆಗೆ ಬಂದು ಎರಡೇ ದಿನವಾಗಿತ್ತು. ಐದು ನಿಮಿಷದಲ್ಲಿ ನನ್ನ ನಂಬರಿಗೇ ಇನ್ನೊಂದು ಬಂತು. ಅದರಲ್ಲಿದ್ದ ಬೈಗುಳ ಇಲ್ಲಿ ಬರೆಯಲಾರೆ.

ಕೈ ನಡುಗುತ್ತಿತ್ತು. ಅಷ್ಟೇ ಕೆಟ್ಟ ಉತ್ತರ ಟೈಪ್ ಮಾಡಿದೆ, ಕಳಿಸಲಿಲ್ಲ. ಕಳಿಸಿದ್ದರೆ ನನ್ನ ಮೇಲೂ ದೂರು ಬರುತ್ತಿತ್ತು ಎಂದರು ವಕೀಲರು. ಗ್ರೂಪಿನದನ್ನು ಅವರು ಅಳಿಸುವ ಮೊದಲೇ ಸ್ಕ್ರೀನ್‌ಶಾಟ್ ತೆಗೆದೆ. ಹೆಸರಿನ ಜೊತೆ ನಂಬರ್, ತಾರೀಖು, ಸಮಯ ಎಲ್ಲ ಕಾಣಬೇಕು. ಹೆಸರನ್ನು ಯಾರು ಹೇಗೆ ಬೇಕಾದರೂ ಸೇವ್ ಮಾಡಬಹುದು, ಅಲ್ವಾ?

ಪೊಲೀಸರು ಎನ್‌ಸಿ, ಅಂದರೆ ಎಫ್‌ಐಆರ್ ಇಲ್ಲದೆ ಠಾಣೆಯಲ್ಲಿ ದಾಖಲಿಸುವ ದೂರು, ಬರೆದುಕೊಂಡರು, ಅಷ್ಟೇ. ಮಾನಹಾನಿಗೆ ಎಫ್‌ಐಆರ್ ಆಗುವುದಿಲ್ಲ, ಮ್ಯಾಜಿಸ್ಟ್ರೇಟ್ ಮುಂದೆ ನಾವೇ ದೂರು ಕೊಡಬೇಕು. ಪಕ್ಕದ ಮನೆಯವರು '66ಎ ಹಾಕಿಸಿ' ಎಂದಿದ್ದರು. ಆನ್‌ಲೈನಿನಲ್ಲಿ ಕೆಟ್ಟದಾಗಿ ಬರೆದವರ ಮೇಲೆ ಹಾಕುತ್ತಿದ್ದ ಐಟಿ ಕಾಯ್ದೆಯ ಸೆಕ್ಷನ್ ಅದು. ಫೇಸ್‌ಬುಕ್ ಪೋಸ್ಟಿಗಾಗಿ ಪಾಲ್ಘರ್‌ನ ಇಬ್ಬರು ಹುಡುಗಿಯರನ್ನು 2012ರಲ್ಲಿ ಹಿಡಿದಾಗ ಹಾಕಿದ್ದೂ ಅದನ್ನೇ. ಆದರೆ ಸುಪ್ರೀಂ ಕೋರ್ಟ್ 2015ರಲ್ಲೇ ಅದನ್ನು ರದ್ದು ಮಾಡಿದೆ.

ವಕೀಲರು ಎರಡು ಮೆಸೇಜನ್ನೂ ಬೇರೆ ಬೇರೆಯಾಗಿ ನೋಡಿದರು. ಗ್ರೂಪಿನದನ್ನು ಉಳಿದವರೂ ಓದಿದ್ದಾರೆ, ಹಾಗಾಗಿ ಅದು ಮಾನಹಾನಿ. ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್, 2 ವರ್ಷದವರೆಗೆ ಸಜೆ ಇದೆ. ನನಗೊಬ್ಬಳಿಗೇ ಬಂದದ್ದು ಮಾನಹಾನಿ ಆಗದು, ಮೂರನೆಯವರು ನೋಡಿಲ್ಲವಲ್ಲ. ಅದಕ್ಕೆ 352 ಇದೆ, ಆದರೆ ಸುಮ್ನೆ ಬೈದರೆ ಸಾಲದು, ಕೆಣಕಿ ಜಗಳಕ್ಕೆಳೆಯುವ ಉದ್ದೇಶವೂ ಇರಬೇಕು. ಹೆಣ್ಣಿನ ಮರ್ಯಾದೆ ಕಳೆಯಲೆಂದೇ ಬರೆದ ಮಾತಾದರೆ 79ನೇ ಸೆಕ್ಷನ್, 3 ವರ್ಷದವರೆಗೆ. ಇಷ್ಟು ವ್ಯತ್ಯಾಸ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಮೊದಲು ನೋಟಿಸ್ ಕಳಿಸಿದೆವು. ಫ್ರಿಜ್ಜಿನ ಬಿಲ್, ಕಂತಿನ ಕಾಗದ, ಪೂಜೆಯ ಖರ್ಚಿನ ಚೀಟಿಗಳ ಪ್ರತಿ ಎಲ್ಲ ಜೊತೆಗಿಟ್ಟೆ. ಕ್ಷಮೆ ಕೇಳುವುದಾದರೆ ಅದೇ ಗ್ರೂಪಿನಲ್ಲಿ ಕೇಳಬೇಕು ಎಂದು ಬರೆಸಿದೆ. ಅದೊಂದನ್ನು ಮಾತ್ರ ನಾನು ಬಿಟ್ಟುಕೊಡಲಿಲ್ಲ. ಕೆಸರು ಎರಚಿದ್ದು ಎಲ್ಲರ ಮುಂದೆ, ಒರೆಸುವುದು ಮಾತ್ರ ಗುಟ್ಟಾಗಿ ಯಾಕೆ?

ಹನ್ನೆರಡನೇ ದಿನ ಬಂತು: 'ಲೆಕ್ಕ ನೋಡದೆ ಬರೆದೆ, ತಪ್ಪಾಯ್ತು ಅಕ್ಕಾ.' ದೂರು ಕೊಡುವುದು ಬೇಡ ಎಂದು ವಕೀಲರಿಗೆ ಹೇಳಿದೆ. ಆದರೆ ದೂರಿಗೆ 3 ವರ್ಷದ ಗಡುವಿದೆ, ಕೋರ್ಟಿಗೆ ಮೂಲ ಫೋನೇ ಗಟ್ಟಿ ಸಾಕ್ಷಿ. ಅದಕ್ಕೇ ಆ ಹಳೇ ಫೋನನ್ನು ಮಾರದೆ ಬೀರುವಿನಲ್ಲಿಟ್ಟು, ತಿಂಗಳಿಗೊಮ್ಮೆ ಚಾರ್ಜ್ ಮಾಡುತ್ತೇನೆ.