ಕಪ್ಪೆ ಕೊಲ್ಲದೆ ಕಟ್ಟಿದ ವಂಶವೃಕ್ಷ

ಕಪ್ಪೆಯ ಬಾಯಲ್ಲಿ ಹತ್ತಿಕಡ್ಡಿ ಆಡಿಸಿ, ಅದಕ್ಕೆ ಅಂಟಿದ ಡಿಎನ್‌ಎಯಿಂದ ವಂಶವೃಕ್ಷ ಕಟ್ಟುತ್ತೇನೆ ಎಂದಾಗ ನಕ್ಕವರೇ ಹೆಚ್ಚು. ‘ಜೊಲ್ಲಿನಲ್ಲಿ ಏನು ಸಿಗುತ್ತದೆ? ಕಪ್ಪೆ ಕೊಂದು ಯಕೃತ್ತಿನ ಚೂರು ತನ್ನಿ’ ಎಂದ ಹಿರಿಯರೇ ಈಗ ತಮ್ಮ ವಿದ್ಯಾರ್ಥಿಗಳನ್ನು ನನ್ನ ಬಳಿಗೆ ಕಳಿಸುತ್ತಿದ್ದಾರೆ. ಆದ್ದರಿಂದ ಬರೆದೇ ಬಿಡೋಣ ಎನಿಸಿತು.

ನಾನು ಹಿಡಿದದ್ದು ಪಶ್ಚಿಮ ಘಟ್ಟದ ಇರುಳುಗಪ್ಪೆಗಳನ್ನು, ಅಂದರೆ ನಿಕ್ಟಿಬ್ಯಾಟ್ರಕಸ್ ಕುಲವನ್ನು. ಮೊದಲ ಮಳೆಗಾಲ ಪೂರ್ತಿ ನೀರುಪಾಲು. ಡಿಎನ್‌ಎ ಸಿಕ್ಕಿದೆಯೇ ಎಂದು ನೋಡುವ ಜೆಲ್‌ನಲ್ಲಿ ಪಟ್ಟಿಗಳು ಚೆಂದವಾಗಿಯೇ ಬಂದವು. ಸೀಕ್ವೆನ್ಸ್, ಅಂದರೆ ಡಿಎನ್‌ಎ ಅಕ್ಷರಗಳ ಸಾಲು ತೆರೆದರೆ ಒಂದರ ಮೇಲೊಂದು ಏರಿದ ಶಿಖರಗಳು; ಒಂದಕ್ಕಿಂತ ಹೆಚ್ಚು ಜೀವಿಗಳ ಡಿಎನ್‌ಎ ಬೆರಕೆ. ಕೆಲವಂತೂ ಅಪ್ಪಟ ಗೆದ್ದಲು! 16ಎಸ್ ಜೀನನ್ನು ಗುರುತಿಸಿ ನಕಲು ಶುರುಮಾಡಿಸುವ ಡಿಎನ್‌ಎ ಚೂರುಗಳಾದ ಪ್ರೈಮರ್‌ಗಳಿಗೆ ಕಪ್ಪೆಯೂ ಒಂದೇ, ಅದು ಆಗತಾನೇ ನುಂಗಿದ ಹುಳುವೂ ಒಂದೇ. ಅಲ್ಲಿಂದಾಚೆ ಕತ್ತಲಾಗುತ್ತಿದ್ದಂತೆ, ಬೇಟೆ ಶುರುವಾಗುವ ಮುನ್ನವೇ ಮಾದರಿ ತೆಗೆಯತೊಡಗಿದೆ. ನಾಲಿಗೆ, ಗಂಟಲಿನ ತಂಟೆಗೆ ಹೋಗದೆ ಕೆನ್ನೆಯ ಒಳಬದಿ ಮಾತ್ರ. ಬಾಯಿ ಬಿಡಿಸುವ ಕೈಚಳಕವನ್ನು ಬರೆದು ತಿಳಿಸಲಾಗದು; ಹಳ್ಳದ ಬದಿಗೆ ಬಂದವರಿಗೆ ತೋರಿಸುತ್ತೇನೆ.

ಇನ್ನು ದುಡ್ಡಿನ ಮಾತು. ಕಿಟ್‌ನಲ್ಲಿ ಡಿಎನ್‌ಎ ತೆಗೆದರೆ ಮಾದರಿಗೆ ಹೆಚ್ಚುಕಡಿಮೆ ಮುನ್ನೂರು ರೂಪಾಯಿ. ಚೆಲೆಕ್ಸ್ ಎಂಬ ರಾಳದ ಮಣಿಗಳ ಜೊತೆ ಕುದಿಸಿದರೆ ಹತ್ತು ಹದಿನೈದರಲ್ಲಿ ಮುಗಿಯುತ್ತದೆ. ಆದರೆ ಅದರ ಒಂದೇ ಒಂದು ಮಣಿ ಪಿಸಿಆರ್ (ಡಿಎನ್‌ಎಯ ನಕಲು ಹೆಚ್ಚಿಸುವ ಕ್ರಿಯೆ) ಕೊಳವೆಗೆ ಜಾರಿದರೂ ಅದಕ್ಕೆ ಬೇಕಾದ ಮೆಗ್ನೀಸಿಯಂ ಹೀರಿಕೊಂಡು ಕೆಲಸ ಕೆಡಿಸುತ್ತದೆ. ಮೇಲಿನ ತಿಳಿಯನ್ನಷ್ಟೇ ಎತ್ತಬೇಕು, ತಳ ಕಲಕಬಾರದು.

16ಎಸ್‌ನ ಸುಮಾರು 550 ಅಕ್ಷರಗಳಿಂದ ತುದಿಯ ರೆಂಬೆಗಳು ಗಟ್ಟಿಯಾದವು. ಬುಡ ಮಾತ್ರ ಅಲುಗಾಡುತ್ತಿತ್ತು. ಬೂಟ್‌ಸ್ಟ್ರ್ಯಾಪ್ (ಕವಲು ಎಷ್ಟು ನಂಬಲರ್ಹ ಎಂಬ ಅಂಕ, ನೂರಕ್ಕೆ) ಐವತ್ತರ ಆಸುಪಾಸು. ನಿಧಾನವಾಗಿ ಬದಲಾಗುವ ರ್‍ಯಾಗ್1 ಜೀನ್ ಸೇರಿಸಿದ ಮೇಲೆ ತೊಂಬತ್ತು ದಾಟಿತು. ಹತ್ತಿಕಡ್ಡಿಯ ಅಷ್ಟಿಷ್ಟು ಡಿಎನ್‌ಎಯಿಂದ ರ್‍ಯಾಗ್1ನಂಥ ಕೋಶಕೇಂದ್ರದ ಜೀನನ್ನು ಎಬ್ಬಿಸುವುದೇ ನಿಜವಾದ ಕಸರತ್ತು. ಎರಡು ಸುತ್ತಿನ ಪಿಸಿಆರ್ ಎಂದಷ್ಟೇ ಹೇಳುತ್ತೇನೆ. ಉಷ್ಣತೆ ಎಷ್ಟೆಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ. ಕೊನೆಗೆ ಇರುಳುಗಪ್ಪೆಗಳೆಲ್ಲ ಒಂದೇ ಕವಲಿನಲ್ಲಿ ಕೂತವು. ಪಕ್ಕದ ಕವಲು ಶ್ರೀಲಂಕಾದ ಲಂಕನೆಕ್ಟಿಸ್ ಕಪ್ಪೆಗಳದ್ದು. ಇಬ್ಬರಿಗೂ ಹೊರಗೆ, 2019ರಲ್ಲಿ ವಯನಾಡಿನಿಂದ ವರ್ಣಿಸಲಾದ ಆಸ್ಟ್ರೊಬ್ಯಾಟ್ರಕಸ್ ಎಂಬ ಕಪ್ಪೆ ಕುಲ. ಅವೆರಡರ ಸೀಕ್ವೆನ್ಸ್ ಸಾರ್ವಜನಿಕ ಡಿಎನ್‌ಎ ಭಂಡಾರವಾದ ಜೀನ್‌ಬ್ಯಾಂಕ್‌ನಿಂದ ಬಿಟ್ಟಿಯಾಗಿ ಸಿಕ್ಕಿತು. ಪ್ರಕಟವಾದ ಮರಗಳೂ ಇದನ್ನೇ ಹೇಳುವುದರಿಂದ ಜೊಲ್ಲು ಸುಳ್ಳಾಡಿಲ್ಲ.

ಇರುಳುಗಪ್ಪೆಗಳಲ್ಲೇ ಒಂದಾದ ಕುಂಬಾರ ಕಪ್ಪೆಯ ಬಗ್ಗೆ ಒಬ್ಬ ಗೆಳೆಯರ ಜೊತೆ ಜಗಳವೇ ಆಯಿತು. 2014ರಲ್ಲಿ ಹೆಸರು ಪಡೆದ ಈ ಕಪ್ಪೆಯ ಗಂಡು ಮೊಟ್ಟೆಗಳಿಗೆ ಕೈಯಾರೆ ಕೆಸರು ಮೆತ್ತುತ್ತದೆ. ‘ಇಷ್ಟು ವಿಚಿತ್ರ ನಡತೆ ಇರುವಾಗ ಬೇರೆ ಕುಲವೇ ಆಗಬೇಡವೇ?’ ಎಂದು ಅವರ ವಾದ. ನನ್ನ ಉತ್ತರ ಇಷ್ಟೆ: ಒಬ್ಬನಿಗೇ ಇರುವ ಗುಣ ನೆಂಟಸ್ತಿಕೆಗೆ ಸಾಕ್ಷಿಯಲ್ಲ. ಇಬ್ಬರು ಹಂಚಿಕೊಂಡ ಹೊಸ ಗುಣ ಬೇಕು ಎಂದು ಜರ್ಮನ್ ಕೀಟವಿಜ್ಞಾನಿ ವಿಲ್ಲಿ ಹೆನ್ನಿಗ್ 1950ರಲ್ಲೇ ಹೇಳಿ ಮುಗಿಸಿದ್ದಾನೆ. ಅದನ್ನು ಬೇರೆ ಕುಲವೆಂದು ಕಿತ್ತರೆ ಉಳಿದವು, ಒಂದೇ ಪೂರ್ವಜನ ಮಕ್ಕಳಲ್ಲಿ ಒಬ್ಬನನ್ನು ಹೊರಗಿಟ್ಟ ಅರೆಬರೆ ಸಂಸಾರವಾಗುತ್ತವೆ. ಗೆಳೆಯರು ಇನ್ನೂ ಒಪ್ಪಿಲ್ಲ.

ನಡುವೆ ಗೊದಮೊಟ್ಟೆಗಳ ಬಾಲದ ತುದಿಯನ್ನೂ ಚೂರು ಕತ್ತರಿಸಿ ನೋಡಿದೆ. ಯಾವುದು ಯಾರ ಮರಿ ಎಂದು ತಿಳಿಯಲು 16ಎಸ್ ಒಂದೇ ಸಾಕು. ರ್‍ಯಾಗ್1ಗೆ ದುಡ್ಡು ಸುರಿಯಬೇಡಿ. ಚೆಲೆಕ್ಸ್ ಮಾದರಿಯನ್ನು ಮಾತ್ರ ತಿಂಗಳುಗಟ್ಟಲೆ ಇಟ್ಟುಕೊಂಡು ಕೂರದೆ, ತೆಗೆದ ವಾರದಲ್ಲೇ ಪಿಸಿಆರ್ ಮುಗಿಸಿ.